‘ತಾರತಮ್ಯ’: ಯಾರಿಗೆ ಹೋಲಿಸಿದರೆ?

ಪದಗಳ ಅರ್ಥ ಮತ್ತು ಬಳಕೆಯ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಿಗೆ ಉತ್ತರಿಸುವ ಪುಟವಿದು. ಮೈಸೂರು, ಮಂಡ್ಯ ಕಡೆಯಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪದದ ಸುತ್ತ ಇದ್ದವು. ಹಾಗಾಗಿ ಉಳಿದವನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇವೆ.

ಪ್ರಶ್ನೆ: ನಮ್ಮ ತಾತ ಯಾರನ್ನಾದರೂ ಬಯ್ಯುವಾಗ ‘ಅವನಿಗೆ ತಾರತಮ್ಯವೇ ತಿಳಿಯದು’ ಎನ್ನುತ್ತಿದ್ದರು. ಪತ್ರಿಕೆ ತೆಗೆದರೆ ‘ತಾರತಮ್ಯ ಖಂಡಿಸಿ ಪ್ರತಿಭಟನೆ’ ಎಂದಿರುತ್ತದೆ. ತಾತನ ಪ್ರಕಾರ ಅದು ಇರಬೇಕಾದದ್ದು, ಪತ್ರಿಕೆಯ ಪ್ರಕಾರ ಇರಬಾರದ್ದು. ಯಾವುದು ಸರಿ? (ಕುವೆಂಪುನಗರ, ಮೈಸೂರು)

ಎರಡೂ ಸರಿ. ತಾತನದು ಹಳೆಯ ಅರ್ಥ, ಪತ್ರಿಕೆಯದು ಆಮೇಲೆ ಬಂದದ್ದು.

ಪದವನ್ನು ಬಿಡಿಸಿದರೆ ಸಿಗುವುದು ಸಂಸ್ಕೃತದ ಎರಡು ಪ್ರತ್ಯಯಗಳು: ‘ತರ’ ಮತ್ತು ‘ತಮ’. ಇಬ್ಬರಲ್ಲಿ ಒಬ್ಬರು ಹೆಚ್ಚು ಎನ್ನುವುದಕ್ಕೆ ‘ತರ’, ಎಲ್ಲರಿಗಿಂತ ಹೆಚ್ಚು ಎನ್ನುವುದಕ್ಕೆ ‘ತಮ’. ‘ಗುರುತರ ಹೊಣೆ’ ಎನ್ನುವಲ್ಲಿ ಇರುವುದು ಮೊದಲನೆಯದು. ಶಾಲೆಯ ಲೆಕ್ಕದ ಲ.ಸಾ.ಅ. ನೆನಪಿದೆಯಲ್ಲ, ಅದರ ‘ಲಘುತಮ’ದಲ್ಲಿ ಇರುವುದು ಎರಡನೆಯದು. ಎರಡೂ ಸೇರಿ ‘ತರತಮ’. ಅದಕ್ಕೆ ‘ಯ’ ಹತ್ತಿ ಮೊದಲ ಅಕ್ಷರ ದೀರ್ಘವಾದರೆ ‘ತಾರತಮ್ಯ’. ಪಂಡಿತ ಪಾಂಡಿತ್ಯವಾದಂತೆ, ಮಧುರ ಮಾಧುರ್ಯವಾದಂತೆ.

ಅಂದರೆ ಮೂಲದಲ್ಲಿ ಇದಕ್ಕೆ ಹೆಚ್ಚುಕಡಿಮೆಯ ಅಳತೆ ಎಂದಷ್ಟೇ ಅರ್ಥ. ಒಳಿತು ಕೆಡುಕಿನ ಸೋಂಕಿಲ್ಲ. ಮಾಧ್ವರ ‘ದೇವತಾ ತಾರತಮ್ಯ’ ಎನ್ನುವುದು ದೇವತೆಗಳ ಮೇಲುಕೆಳಗಿನ ಕ್ರಮ. ಅಲ್ಲಿ ಯಾರಿಗೂ ಅನ್ಯಾಯವಾಗಿದೆ ಎಂಬ ದೂರಿಲ್ಲ. ತಾತ ಹೇಳುತ್ತಿದ್ದ ‘ತಾರತಮ್ಯ ತಿಳಿಯದವ’ ಎಂದರೆ ಎಲ್ಲಿ ಎಷ್ಟು, ಯಾರ ಮುಂದೆ ಏನು ಎಂಬ ಅಂದಾಜಿಲ್ಲದವನು: ಮದುವೆಮನೆ ಮಾತನ್ನು ಸಾವಿನ ಮನೆಯಲ್ಲಿ ಆಡುವವನು. ‘ವೇತನ ತಾರತಮ್ಯ’ ಎಂದು ನೌಕರರು ಬರೆಯುವಾಗ ಹಳೆಯ ಅರ್ಥಕ್ಕೂ ಹೊಸ ಅರ್ಥಕ್ಕೂ ನಡುವೆ ನಿಂತಿರುತ್ತಾರೆ. ಸಂಬಳದಲ್ಲಿ ವ್ಯತ್ಯಾಸವಿದೆ ಎಂಬುದೂ ಅದರಲ್ಲಿದೆ, ಆ ವ್ಯತ್ಯಾಸಕ್ಕೆ ನ್ಯಾಯವಾದ ಕಾರಣವಿಲ್ಲ ಎಂಬುದೂ ಇದೆ.

ಅರ್ಥ ಬದಲಾದರೂ ಒಂದು ಉಳಿದಿದೆ. ‘ತರ’ಕ್ಕೆ ಕನಿಷ್ಠ ಇಬ್ಬರು ಬೇಕು. ‘ಯಾರಿಗೆ ಹೋಲಿಸಿದರೆ?’ ಎಂದು ಕೇಳಿದಾಗ ಉತ್ತರ ಹೊರಡದಿದ್ದರೆ ನೀವು ಹುಡುಕುತ್ತಿರುವ ಪದ ತಾರತಮ್ಯವಲ್ಲ. ಮುಂದಿನ ಪತ್ರದ ತೊಡಕು ಇದೇ.

ಪ್ರಶ್ನೆ: ಕಬ್ಬಿನ ವಿಚಾರಕ್ಕೆ ನಾವು ಕೆಲವರು ಸೇರಿ ಅರ್ಜಿ ಕೊಟ್ಟೆವು. ತೂಕ ಸರಿ ಬರುತ್ತಿಲ್ಲ, ದುಡ್ಡು ತಡ, ಕಟಾವಿಗೆ ಅಪ್ಪಣೆಯೂ ಸರದಿ ಪ್ರಕಾರ ಬರುತ್ತಿಲ್ಲ. ಎಲ್ಲ ಸೇರಿಸಿ ‘ಕಾರ್ಖಾನೆಯವರು ರೈತರಿಗೆ ತಾರತಮ್ಯ ಎಸಗುತ್ತಿದ್ದಾರೆ’ ಎಂದು ಬರೆದಿದ್ದೆವು. ‘ದೂರು ಸ್ಪಷ್ಟವಾಗಿಲ್ಲ’ ಎಂದು ವಾಪಸ್ ಬಂತು. ಇನ್ನು ಹೇಗೆ ಬರೀಬೇಕು ಸ್ವಾಮಿ? (ಮಂಡ್ಯ ತಾಲ್ಲೂಕು)

ನಿಮ್ಮದು ಮೂರು ದೂರು. ಒಂದೇ ಪದದ ಹಗ್ಗದಲ್ಲಿ ಮೂರನ್ನೂ ಕಟ್ಟಿದ್ದರಿಂದ ಯಾವುದೂ ನಿಲ್ಲಲಿಲ್ಲ.

ತೂಕ ಎಲ್ಲರಿಗೂ ಕಡಿಮೆ ಬರುತ್ತಿದ್ದರೆ ಅದು ಮೋಸ. ಎಲ್ಲರಿಗೂ ಒಂದೇ ಬಗೆಯ ಮೋಸವಾದಾಗ ಅಲ್ಲಿ ತಾರತಮ್ಯವಿಲ್ಲ! ಅದಕ್ಕೆ ಬೇರೆಯೇ ಅರ್ಜಿ, ಕಾನೂನು ಮಾಪನಶಾಸ್ತ್ರ ಇಲಾಖೆಗೆ: ದಿನಾಂಕ, ಗಾಡಿ ನಂಬರು, ತೂಕದ ಚೀಟಿ, ಬೇರೆ ಕಡೆ ತೂಗಿಸಿದ್ದರೆ ಅದರ ಚೀಟಿ.

ದುಡ್ಡು ತಡವಾದರೆ ಅದು ಬಾಕಿ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಒಪ್ಪಿಸಿದ 14 ದಿನದೊಳಗೆ ಹಣ ಬರಬೇಕು; ತಪ್ಪಿದರೆ ತಡವಾದ ಅವಧಿಗೆ ವರ್ಷಕ್ಕೆ ಶೇ. 15ರ ಬಡ್ಡಿ ಸೇರಬೇಕು. ‘ತಾರತಮ್ಯ’ ಎಂದು ಬರೆದರೆ ಈ ಬಡ್ಡಿಯ ಮಾತೇ ಬರುವುದಿಲ್ಲ. ‘ಇಷ್ಟು ಟನ್, ಇಂಥ ದಿನ ಒಪ್ಪಿಸಿದ್ದು, ಇಷ್ಟು ದಿನ ಮೀರಿದೆ, ಅಸಲು ಮತ್ತು ಬಡ್ಡಿ ಕೊಡಿಸಿ’ ಎಂದು ಬರೆದರೆ ಬರುತ್ತದೆ. ತಪ್ಪು ಪದಕ್ಕೆ ಕೈಯಿಂದ ದುಡ್ಡು ಹೋಗುವುದು ಹೀಗೆ.

ಉಳಿದದ್ದು ಕಟಾವು. ಇದು ನಿಜವಾಗಿ ತಾರತಮ್ಯ ಆಗಬಹುದು, ಆದರೆ ಹೋಲಿಕೆ ಸರಿಯಾಗಿರಬೇಕು. ಕೂಳೆ ಕಬ್ಬು (ಕಡಿದ ಬುಡದಿಂದ ಮತ್ತೆ ಚಿಗುರಿದ್ದು) ತನಿ ಕಬ್ಬಿಗಿಂತ (ಹೊಸದಾಗಿ ನೆಟ್ಟದ್ದು) ಬೇಗ ಬಲಿಯುತ್ತದೆ; ತಳಿಯಿಂದ ತಳಿಗೂ ಅವಧಿ ಬೇರೆ. ಪಕ್ಕದ ಗದ್ದೆಯ ಕೂಳೆಗೆ ಅಪ್ಪಣೆ ಮೊದಲು ಬಂತೆಂದು ನಿಮ್ಮ ತನಿ ಬೆಳೆಯನ್ನು ಅದಕ್ಕೆ ಹೋಲಿಸಿದರೆ ಎದುರಿನವರು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ತನಿಗೆ ತನಿ, ಅದೇ ತಳಿಗೆ ಅದೇ ತಳಿ, ಇಬ್ಬರ ನಾಟಿ ದಿನಾಂಕ ಇಟ್ಟು ಹೀಗೆ ಬರೆಯಿರಿ:

‘ನನ್ನ ಜಮೀನಿನಲ್ಲಿ ಈ ತಳಿಯ ತನಿ ಕಬ್ಬನ್ನು ಜನವರಿ 10ರಂದು ನಾಟಿ ಮಾಡಿ ನೋಂದಾಯಿಸಿದ್ದೇನೆ. ಇದೇ ತಳಿಯನ್ನು ಫೆಬ್ರವರಿ 20ರಂದು ನಾಟಿ ಮಾಡಿದ, ಇಂಥ ಸರ್ವೆ ನಂಬರಿನ ಜಮೀನಿಗೆ ಕಟಾವು ಅಪ್ಪಣೆ ಬಂದಿದೆ. ನನಗೆ ಬಂದಿಲ್ಲ. ಕಾರಣ ತಿಳಿಸಿಲ್ಲ. ಸರದಿ ಪಟ್ಟಿಯಂತೆ ಕಟಾವಿಗೆ ಅಪ್ಪಣೆ ಕೊಡಿಸಬೇಕು.’

ಇದರಲ್ಲಿ ‘ತಾರತಮ್ಯ’ ಎಂಬ ಪದ ಒಂದು ಸಲವೂ ಇಲ್ಲ, ಗಮನಿಸಿ. ಬೇಕೆಂದರೆ ಕೊನೆಗೆ ಒಂದು ವಾಕ್ಯದಲ್ಲಿ ಸೇರಿಸಿ. ಅದಕ್ಕೂ ಮುಂಚೆ ನಷ್ಟ ಏನೆಂದು ಹೇಳಿ: ಸೂಲಂಗಿ (ಕಬ್ಬಿನ ಹೂ) ಹೊರಟಿದೆ, ಒಣಗಿ ತೂಕ ಇಳಿಯುತ್ತಿದೆ. ಅರ್ಜಿಯ ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಕಚೇರಿಯ ಮೊಹರು, ತಾರೀಕು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ನಾಲೆ ನೀರಿಗೂ ಇದೇ ಲೆಕ್ಕ. ಕೊನೆ ಭಾಗಕ್ಕೆ ನೀರು ಕಡಿಮೆ ಬರುವುದೊಂದೇ ತಾರತಮ್ಯವಲ್ಲ. ಸೋರಿಕೆ ಇರುತ್ತದೆ, ಹೂಳು ಇರುತ್ತದೆ, ದೂರ ಇರುತ್ತದೆ. ಕಟ್ಟು ಪದ್ಧತಿಯಲ್ಲಿ (ಸರದಿ ಪ್ರಕಾರ ನೀರು ಬಿಡುವುದು) ನಿಮ್ಮ ಸರದಿಯ ದಿನ ಮೇಲ್ಭಾಗದ ತೂಬು ತೆರೆದೇ ಇತ್ತು ಎಂದಾದರೆ ಆಗ ತಾರತಮ್ಯ. ಯಾವ ತೂಬು, ಯಾವ ದಿನ ಎಂಬುದು ಬೇಕು. ನೀರು ಬಿಟ್ಟ ದಾಖಲೆ ಸರ್ಕಾರಿ ಕಚೇರಿಯಲ್ಲಿದ್ದರೆ ಮಾಹಿತಿ ಹಕ್ಕಿನಡಿ ಕೇಳಬಹುದು: ಶುಲ್ಕ 10 ರೂಪಾಯಿ, ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ, ಉತ್ತರಕ್ಕೆ 30 ದಿನ. ‘ತಾರತಮ್ಯ ಏಕೆ ಮಾಡಿದಿರಿ’ ಎಂದು ಅದರಲ್ಲಿ ಕೇಳಬೇಡಿ. ಅದು ಮಾಹಿತಿಯಲ್ಲ, ಜಗಳ. ‘ಇಂಥ ಅವಧಿಯಲ್ಲಿ ಇಂಥ ತೂಬುಗಳಿಗೆ ನೀರು ಬಿಟ್ಟ ದಿನವಹಿಯ ಪ್ರತಿ ಕೊಡಿ’ ಎಂದು ಕೇಳಿ.

ಪ್ರಶ್ನೆ: ತಾರತಮ್ಯ, ಪಕ್ಷಪಾತ, ಭೇದಭಾವ, ಮಲತಾಯಿ ಧೋರಣೆ. ಮಕ್ಕಳಿಗೆ ಸಮಾನಾರ್ಥಕ ಎಂದು ಹೇಳಿಕೊಡಬಹುದೇ? (ಶಿಕ್ಷಕಿ, ನಂಜನಗೂಡು)

ಪರೀಕ್ಷೆಗೆ ಹೇಳಿಕೊಡಬಹುದು, ಬಳಕೆಗೆ ಬೇಡ ಮೇಡಂ.

‘ಪಾತ’ ಎಂದರೆ ಬೀಳುವುದು. ಒಂದು ಪಕ್ಷದ ಕಡೆ ವಾಲಿ ಬೀಳುವುದು ಪಕ್ಷಪಾತ. ಅದು ತೀರ್ಪು ಕೊಡುವವನ ದೋಷ: ಅಂಪೈರು, ಪರೀಕ್ಷಕರು, ಪಂಚಾಯ್ತಿಯ ಯಜಮಾನರು. ಭೇದಭಾವ ಮನಸ್ಸಿನಲ್ಲಿರುವುದು, ಹೆಸರೇ ಹೇಳುವಂತೆ ‘ಭಾವ’. ತಾರತಮ್ಯ ನಡೆಯಲ್ಲಿ ಕಾಣುವುದು. ಒಬ್ಬರ ಮನಸ್ಸಿನಲ್ಲಿ ಭೇದಭಾವವಿದ್ದೂ ನಡೆಯಲ್ಲಿ ತಾರತಮ್ಯ ತೋರದಿರಬಹುದು. ಮನಸ್ಸಿನಲ್ಲಿ ಏನೂ ಇಲ್ಲದೆ, ಬರಿಯ ಹಳೆಯ ನಿಯಮದಿಂದಲೇ ತಾರತಮ್ಯ ನಡೆಯಬಹುದು. ದೂರು ಬರೆಯುವವರಿಗೆ ಇದು ಉಪಯೋಗದ ವ್ಯತ್ಯಾಸ. ಪಕ್ಷಪಾತ ಎಂದರೆ ಅಧಿಕಾರಿಯ ಮನಸ್ಸು ವಾಲಿತ್ತೆಂದು ತೋರಿಸಬೇಕು. ತಾರತಮ್ಯಕ್ಕೆ ಒಂದೇ ಸ್ಥಿತಿಯ ಇಬ್ಬರಿಗೆ ಎರಡು ಬಗೆ ನಡೆದಿದೆ, ಅದಕ್ಕೆ ಒಪ್ಪುವ ಕಾರಣವಿಲ್ಲ ಎಂದು ತೋರಿಸಿದರೆ ವಾದ ಶುರುವಾಗುತ್ತದೆ.

‘ಮಲತಾಯಿ ಧೋರಣೆ’ಯನ್ನು ಕೈಬಿಡುವುದು ಒಳ್ಳೆಯದು. ತಲೆಬರಹಗಳಲ್ಲಿ ಸವೆದು ಹೋಗಿದೆ, ಜೊತೆಗೆ ತರಗತಿಯಲ್ಲಿ ಯಾವ ಮಗುವಿನ ಮನೆಯಲ್ಲಿ ಮಲತಾಯಿ ಇದ್ದಾಳೋ ಹೇಳಲಾಗದು. ಅದಕ್ಕಿಂತ ನಮ್ಮ ಅಜ್ಜಿಯರ ಮಾತೇ ಮೇಲು: ‘ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ.’ ಬೆಣ್ಣೆಯೂ ಬೆಳ್ಳಗೆ, ಸುಣ್ಣವೂ ಬೆಳ್ಳಗೆ. ದೂರದಿಂದ ನೋಡುವವರಿಗೆ ಎರಡು ಕಣ್ಣಿಗೂ ಒಂದೇ ಹಚ್ಚಿದಂತೆ ಕಾಣುತ್ತದೆ, ಉರಿ ಗೊತ್ತಾಗುವುದು ಆ ಕಣ್ಣಿಗೆ ಮಾತ್ರ. ಊಟದ ಸಾಲಿನಲ್ಲಿ ಒಬ್ಬರಿಗೆ ತುಪ್ಪ ಸುರಿದು ಇನ್ನೊಬ್ಬರಿಗೆ ತೋರಿಸಿ ಹೋಗುವುದಕ್ಕೆ ‘ಪಂಕ್ತಿಭೇದ’ ಎಂಬ ಪದವೂ ಇದೆ. ಮಕ್ಕಳಿಗೆ ಹೇಳಿ, ತಟ್ಟನೆ ಹಿಡಿಯುತ್ತಾರೆ.

ಇನ್ನು ಆಡುಮಾತಿನ ‘ಅನ್ಯಾಯ’ ಇವೆಲ್ಲಕ್ಕಿಂತ ಅಗಲ. ‘ಮಳೆ ಬಂದು ರಾಗಿ ಅನ್ಯಾಯವಾಗಿ ಹಾಳಾಯ್ತು’ ಎನ್ನುತ್ತೇವೆ. ಅಲ್ಲಿ ಅನ್ಯಾಯ ಮಾಡಿದವರೇ ಇಲ್ಲ.

ಪ್ರಶ್ನೆ: ಒಂದೂರಿನ ಹೋಟೆಲಿನಲ್ಲಿ ಕೆಲವರಿಗೆ ಮಾತ್ರ ಬೇರೆ ಲೋಟ ಇಟ್ಟಿದ್ದನ್ನು ವರದಿ ಮಾಡುವಾಗ ‘ಜಾತಿ ತಾರತಮ್ಯ’ ಎಂದು ಬರೆದರು. ಸಾಕೇ? (ಮೈಸೂರು)

ಸಾಲದು. ಅದಕ್ಕೆ ಅಸ್ಪೃಶ್ಯತೆ ಎಂದೇ ಬರೆಯಬೇಕು. ಸಂವಿಧಾನ ಇವೆರಡಕ್ಕೂ ಬೇರೆ ಬೇರೆ ವಿಧಿ ಇಟ್ಟಿದೆ: ಧರ್ಮ, ಮೂಲವಂಶ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಆಧಾರದ ತಾರತಮ್ಯಕ್ಕೆ 15ನೇ ವಿಧಿ, ಅಸ್ಪೃಶ್ಯತೆಗೆ 17ನೇ ವಿಧಿ. ಬೇರೆ ಲೋಟ, ಕ್ಷೌರ ಮಾಡಲು ನಿರಾಕರಣೆ, ದೇವಸ್ಥಾನದ ಬಾಗಿಲಲ್ಲಿ ತಡೆ, ಇವು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಜಾತಿ ಹಿಡಿದು ಬೈಗುಳ, ಹಲ್ಲೆ, ಬಹಿಷ್ಕಾರವೂ ಸೇರಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆ ಬರುತ್ತದೆ. ಅದರ ತನಿಖೆಯನ್ನು ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯೇ ಮಾಡಬೇಕು. ‘ತಾರತಮ್ಯ’ ಎಂಬ ಮೆತ್ತನೆಯ ಪದ ಇಟ್ಟ ಕೂಡಲೇ ವಿಷಯ ಠಾಣೆಯಿಂದ ಜಗಲಿಗೆ ಬಂದು, ‘ಕೂತು ಮಾತಾಡಿ ಬಗೆಹರಿಸೋಣ ಬನ್ನಿ’ ಎನ್ನುವ ಹಂತಕ್ಕೆ ಇಳಿಯುತ್ತದೆ.

ಪ್ರಶ್ನೆ: ನಮ್ಮಲ್ಲಿ ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಒಂದು. ಕೇಳಿದರೆ ‘ಅದು ವಾಡಿಕೆ, ತಾರತಮ್ಯ ಅಲ್ಲ’ ಅಂತಾರೆ. (ಪಾಂಡವಪುರ)

ವಾಡಿಕೆಯೂ ತಾರತಮ್ಯವಾಗಬಹುದು, ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಕೇಳಬೇಕಾದದ್ದು ಕೆಲಸ ಒಂದೇ ಬಗೆಯದೇ ಎಂಬುದು. ಇಬ್ಬರೂ ಅದೇ ಸಾಲಿನಲ್ಲಿ, ಅಷ್ಟೇ ಹೊತ್ತು ಕಳೆ ತೆಗೆದು ಕೂಲಿ ಬೇರೆಯಾದರೆ ತಾರತಮ್ಯ. ಸಮಾನ ಕೆಲಸಕ್ಕೆ ಸಮಾನ ವೇತನ ಎಂಬುದು ಸಂವಿಧಾನದ 39ನೇ ವಿಧಿಯಲ್ಲಿದೆ. 1976ರ ಸಮಾನ ವೇತನ ಕಾಯ್ದೆಯೂ ‘ಒಂದೇ ಕೆಲಸ’ಕ್ಕೆ ನಿಲ್ಲದೆ ‘ಅದೇ ಬಗೆಯ ಕೆಲಸ’ವನ್ನೂ ಸೇರಿಸಿತ್ತು. ಗಂಡಸರು ಕಬ್ಬು ಹೊರುವುದು, ಹೆಂಗಸರು ನಾಟಿ ಹಾಕುವುದು ಎಂದಾದರೆ ಹೋಲಿಕೆ ಕಷ್ಟ. ಆಗ ನಾಟಿಯ ಕೂಲಿ ಯಾಕೆ ಕಡಿಮೆ ಎಂಬ ಬೇರೆ ಪ್ರಶ್ನೆ ಏಳುತ್ತದೆ. ದಿನವಿಡೀ ಕೆಸರಲ್ಲಿ ಬಗ್ಗಿ ನಿಂತವರಿಗೆ ಅದರ ಉತ್ತರ ಯಾರೂ ಕೊಟ್ಟಿಲ್ಲ.

ಪ್ರಶ್ನೆ: ಹಾಗಾದರೆ ಮೀಸಲಾತಿಯೂ ತಾರತಮ್ಯ ತಾನೆ? (ಮೈಸೂರು)

ಹಳೆಯ ಅರ್ಥದಲ್ಲಿ ಹೌದು, ಹೊಸ ಅರ್ಥದಲ್ಲಿ ಅಲ್ಲ. ಯಾರು ಎಲ್ಲಿ ನಿಂತಿದ್ದಾರೆ ಎಂಬ ಹೆಚ್ಚುಕಡಿಮೆ ಅಳೆಯದೆ ಅದನ್ನು ಸರಿಪಡಿಸಲಾಗದು. ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆಯಲ್ಲಿ 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ ಮಾಡಿದ್ದು ಇದನ್ನೇ: ಸಂಸ್ಥಾನದ ಸರ್ಕಾರಿ ಹುದ್ದೆಗಳಲ್ಲಿ ಯಾವ ಸಮುದಾಯದವರು ಎಷ್ಟಿದ್ದಾರೆ ಎಂದು ನೋಡಿದ್ದು. ಸಂವಿಧಾನದ 15ನೇ ವಿಧಿ ತಾರತಮ್ಯವನ್ನು ನಿಷೇಧಿಸುತ್ತದೆ. 1951ರ ಮೊದಲ ತಿದ್ದುಪಡಿಯಿಂದ ಸೇರಿದ ಅದರ 4ನೇ ಖಂಡ ಹಿಂದುಳಿದವರಿಗೆ ವಿಶೇಷ ಅವಕಾಶ ಕಲ್ಪಿಸಲು ಒಪ್ಪುತ್ತದೆ. ಒಂದೇ ವಿಧಿಯಲ್ಲಿ ಎರಡೂ ಇವೆ.

ಪ್ರಶ್ನೆ: ಭೇದವೋ ಬೇಧವೋ? ತಾರತಮ್ಯ ‘ಮಾಡು’ವುದೋ ‘ಎಸಗು’ವುದೋ? (ಮದ್ದೂರು)

ಭೇದ. ‘ಬೇಧ’ ಎಂಬುದು ಗೋಡೆಬರಹದಲ್ಲೂ ಫ್ಲೆಕ್ಸಿನಲ್ಲೂ ಮಹಾಪ್ರಾಣ ಜಾಗ ತಪ್ಪಿ ಕೂತದ್ದು. ‘ತಾರತ್ಯಮ’ವೂ ಹಾಗೆಯೇ. ಮಾತಿನಲ್ಲಿ ‘ಮಾಡು’, ಬರಹದಲ್ಲಿ ‘ತೋರು’ ಅಥವಾ ‘ಎಸಗು’, ಯಾವುದೂ ತಪ್ಪಲ್ಲ. ಆದರೆ ‘ರೈತರಿಗೆ ತಾರತಮ್ಯ’ ಎನ್ನುವುದಕ್ಕಿಂತ ‘ರೈತರ ನಡುವೆ ತಾರತಮ್ಯ’ ಎಂದು ಬರೆಯಿರಿ.