ಒಂದೇ ಸೋಮವಾರ ಇಷ್ಟೆಲ್ಲ ಯಾಕೆ?

ಪತ್ರ: ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದ ಮೇಲೆ ಬಂದ ಸೋಮವಾರವೇ ಅನ್ನ, ಕಾಫಿ, ಸಂಜೆಯ ಮಂಡಕ್ಕಿ-ಮಿರ್ಚಿ ಬಿಟ್ಟೆ. ಬೆಳಿಗ್ಗೆ ಐದಕ್ಕೆ ವಾಕಿಂಗ್. ಈಗ ತಲೆನೋವು, ನಿದ್ದೆ ಇಲ್ಲ, ಎಲ್ಲರ ಮೇಲೂ ರೇಗುತ್ತೇನೆ. ಮೊನ್ನೆ ಮದುವೆಯಲ್ಲಿ ಹೋಳಿಗೆ ತಿಂದು ರಾತ್ರಿಯೆಲ್ಲ ಕೊರಗಿದೆ. ನನಗೆ ಮನೋಬಲವೇ ಇಲ್ಲವೇ?
- ಓದುಗರೊಬ್ಬರು, ದಾವಣಗೆರೆ

ಉತ್ತರ: ದಾವಣಗೆರೆಯಲ್ಲಿದ್ದುಕೊಂಡು ಮಂಡಕ್ಕಿ-ಮಿರ್ಚಿ ಬಿಟ್ಟಿದ್ದೀರಿ. ಮನೋಬಲ ಇಲ್ಲ ಎಂದರೆ ಯಾರು ನಂಬುತ್ತಾರೆ? ನಿಮಗಿರುವುದು ಆತುರ.

ಡಾಕ್ಟರ ಮಾತು ಸರಿ. ಸಕ್ಕರೆ ಹತೋಟಿಗೆ ಬರಬೇಕು, ಮಾತ್ರೆ ತಪ್ಪಿಸಬಾರದು. ಆದರೆ ಎಲ್ಲವನ್ನೂ ಒಂದೇ ದಿನ ಬಿಡಿ ಅಂತ ಅವರು ಹೇಳಿದ್ದರೇ? ದಿನಾ ಕುಡಿಯುವ ಕಾಫಿ ದಿಢೀರನೆ ನಿಂತರೆ ಒಂದು ದಿನದೊಳಗೇ ತಲೆ ಸಿಡಿಯಲು ಶುರುವಾಗುತ್ತದೆ. ಕೆಲವರಿಗೆ ವಾರವಾದರೂ ಬಿಡುವುದಿಲ್ಲ. ಇನ್ನು ಆ ಕೊರಗು. ಮನಸ್ಸು ಒತ್ತಡದಲ್ಲಿದ್ದಾಗ ಕಾರ್ಟಿಸಾಲ್, ಅಡ್ರಿನಲಿನ್ ಎಂಬ ಹಾರ್ಮೋನುಗಳು ಏರುತ್ತವೆ, ಯಕೃತ್ತು ರಕ್ತಕ್ಕೆ ಗ್ಲೂಕೋಸ್ ಬಿಡುತ್ತದೆ. ಹೋಳಿಗೆಯ ಜೊತೆಗೆ ಹೋಳಿಗೆಯ ಚಿಂತೆಯಿಂದಲೂ ಸಕ್ಕರೆ ಏರಬಹುದು ನೋಡಿ!

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿದ್ದರು. ಒಬ್ಬೊಬ್ಬರೂ ಆರಿಸಿಕೊಂಡದ್ದು ಒಂದೇ ಒಂದು ಹೊಸ ಅಭ್ಯಾಸ. ಅದು ಬೇರೂರಲು ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕಾದೀತು ಎಂಬ ಅಂದಾಜು ಸಿಕ್ಕಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೆಚ್ಚೇನೂ ಕೆಡಲಿಲ್ಲ. ನೀವು ನಾಲ್ಕನ್ನು ಒಟ್ಟಿಗೆ ಹಿಡಿದು, ಒಂದು ಹೋಳಿಗೆಗೆ ಅಳುತ್ತಿದ್ದೀರಿ.

ನಿಮ್ಮ ಪತ್ರದಲ್ಲಿ ಮನೆಯವರು ಬರುವುದು ಬೈಸಿಕೊಳ್ಳಲು ಮಾತ್ರ. ನನ್ನ ತಕರಾರು ಇರುವುದೇ ಇಲ್ಲಿ. ನಮ್ಮಲ್ಲಿ ಕಾಯಿಲೆಯವರಿಗೆ ಸಪ್ಪೆ ತಟ್ಟೆ, ಅದರ ಎದುರಿಗೇ ಉಳಿದವರಿಗೆ ಬಜ್ಜಿ. ಮದುವೆಮನೆಯಲ್ಲಿ ಅದೇ ಜನ 'ಒಂದು ತಿಂದ್ರೆ ಏನೂ ಆಗಲ್ಲ' ಎಂದು ಎಲೆಗೆ ಬಡಿಸುತ್ತಾರೆ. ನೆಂಟರ ಮನೆಯೊಂದರಲ್ಲಿ ಅಜ್ಜನಿಗೆ ಸಕ್ಕರೆ ಬಂದಾಗ ಅಜ್ಜಿ ಎಲ್ಲರ ಅನ್ನವನ್ನೂ ಕಡಿಮೆ ಮಾಡಿ ಸೊಪ್ಪಿನ ಪಲ್ಯ ಜಾಸ್ತಿ ಮಾಡಿದರು. ಮೊಮ್ಮಕ್ಕಳು ಗೊಣಗಿದರು, ಅಜ್ಜ ಆರಾಮಾಗಿದ್ದರು. ಊರೂ ಆ ಮದುವೆಮನೆಯ ಹಾಗೇ. ನಡೆಯಿರಿ ಎನ್ನುತ್ತದೆ, ಫುಟ್‌ಪಾತ್ ತುಂಬ ಬೈಕು ನಿಲ್ಲಿಸುತ್ತದೆ.

ಸಕ್ಕರೆ ಹಾಕದ ಕಾಫಿ, ಅಳತೆಯ ಅನ್ನ ನಡೆಯುತ್ತದಾ ಎಂದು ಡಾಕ್ಟರನ್ನು ಕೇಳಿ. ನಿದ್ದೆ ಕೆಟ್ಟಿರುವುದನ್ನೂ ಹೇಳಿ. ಮನಸ್ಸು ತೀರಾ ಭಾರವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ವಾಕಿಂಗ್ ಸಂಜೆಗೆ ಇಟ್ಟುಕೊಳ್ಳಿ, ಮನೆಯವರನ್ನೂ ಹೊರಡಿಸಿ. ಬರಲ್ಲ ಎಂದವರಿಗೆ ಈ ಪುಟ ತೋರಿಸಿ.