ಕಾದಂಬರಿ ಬರೆದಿದ್ದಕ್ಕೆ ಗುಂಡೇಟಾ?

ಪ್ರಶ್ನೆ: ಮೇಷ್ಟ್ರೇ, ನಮ್ಮಣ್ಣನ ಮಗ ಹಡಗಿನಲ್ಲಿ ಕೆಲಸಕ್ಕಿದ್ದಾನೆ. ಜೊತೆಯಲ್ಲಿ ಫಿಲಿಪ್ಪೀನ್ಸ್ ಹುಡುಗರೇ ಜಾಸ್ತಿ. ಅವರೆಲ್ಲ ಶಾಲೆಯಲ್ಲಿ ಒಂದೇ ಕಾದಂಬರಿ ಓದಿದ್ದಾರಂತೆ. ಬರೆದವರನ್ನು ಸರ್ಕಾರ ಗುಂಡಿಟ್ಟು ಕೊಂದಿತಂತೆ. ಅಂಥಾದ್ದೇನಿದೆ ಅದರಲ್ಲಿ?
– ಕಬ್ಬು ಬೆಳೆಗಾರ, ಪಾಂಡವಪುರ

ಉತ್ತರ: ಹುಡುಗ ಹೇಳಿದ್ದು ನಿಜ. ಕಾದಂಬರಿ ‘ನೋಲಿ ಮೆ ತಾಂಗೆರೆ’. ಬರೆದವರು ಹೋಸೆ ರಿಸಾಲ್, ಕಣ್ಣಿನ ಡಾಕ್ಟರು. 1887ರಲ್ಲಿ ಬರ್ಲಿನ್‌ನಲ್ಲಿ, ಗೆಳೆಯರ ಹತ್ತಿರ ಸಾಲ ಮಾಡಿ 2,000 ಪ್ರತಿ ಅಚ್ಚು ಹಾಕಿಸಿದರು. ಆಗ ಅವರಿಗೆ 25 ವರ್ಷ. ಪುಸ್ತಕ ಇದ್ದದ್ದು ಸ್ಪ್ಯಾನಿಷ್‌ನಲ್ಲಿ. ಹಳ್ಳಿಯ ಜನಕ್ಕೆ ಅದನ್ನು ಓದೋಕೇ ಬರುತ್ತಿರಲಿಲ್ಲ. ಆದರೂ ಮನಿಲಾದ ಪಾದ್ರಿಗಳು ಬೆಚ್ಚಿಬಿದ್ದು ನಿಷೇಧಕ್ಕೆ ಒತ್ತಾಯಿಸಿದರು.

ನಾಡು ಸ್ಪೇನಿನ ಕೈಯಲ್ಲಿತ್ತು ನಿಜ. ಊರಲ್ಲಿ ಮಾತ್ರ ಸ್ಪೇನಿನ ಪಾದ್ರಿಯದೇ ದರ್ಬಾರು. ಕಥೆಯಲ್ಲಿ ಇಬಾರ್ರಾ ಯುರೋಪಿನಲ್ಲಿ ಓದಿ ಬಂದು ಅಪ್ಪನ ಸಮಾಧಿ ಹುಡುಕುತ್ತಾನೆ. ಗುಂಡಿ ತೋಡುವವನು ಸುಮ್ನೆ ಹೇಳಿಬಿಡುತ್ತಾನೆ: ಪಾದ್ರಿ ಅಪ್ಪಣೆ ಮಾಡಿದರು ಅಂತ ಹೆಣ ಅಗೆದು ತೆಗೆದೆ, ಚೀನಿಯರ ಸ್ಮಶಾನಕ್ಕೆ ಒಯ್ಯಬೇಕಿತ್ತು, ಹೆಣ ಭಾರ, ಮಳೆ ಬೇರೆ, ಸರೋವರಕ್ಕೆ ಎಸೆದೆ. ಇನ್ನೊಂದು ಕಡೆ ಸಿಸಾ ಎಂಬ ಬಡತಾಯಿ. ಅವಳ ಇಬ್ಬರು ಗಂಡುಮಕ್ಕಳಿಗೆ ಚರ್ಚಿನಲ್ಲಿ ಗಂಟೆ ಹೊಡೆಯುವ ಕೆಲಸ. ಕಿರಿಯವನಿಗೆ ತಿಂಗಳಿಗೆ ಎರಡು ಪೆಸೊ ಸಂಬಳ. ಅವನ ಮೇಲೆ ಚಿನ್ನದ ನಾಣ್ಯ ಕದ್ದ ಆರೋಪ. ಅವನಿಗೆ ಇಷ್ಟ ಅಂತ ಅಮ್ಮ ಹಿತ್ತಲಿನ ಟೊಮೆಟೊ ಕಿತ್ತು ಅಡುಗೆ ಮಾಡಿ ಕಾಯುತ್ತಾಳೆ. ಅವನು ಬರೋದೇ ಇಲ್ಲ. ನನ್ನ ಮಟ್ಟಿಗೆ ಇಡೀ ಪುಸ್ತಕದಲ್ಲಿ ಇದಕ್ಕಿಂತ ಕಟುವಾದ ಭಾಗ ಇಲ್ಲ. ಅಲ್ಲಿನ ದ್ವೀಪ ದ್ವೀಪಕ್ಕೂ ಭಾಷೆ ಬೇರೆ, ಈ ಅವಮಾನ ಮಾತ್ರ ಎಲ್ಲರಿಗೂ ಗೊತ್ತಿದ್ದದ್ದು. ಅದೇ ಅವರನ್ನು ಒಟ್ಟುಮಾಡಿತು.

ನೀವು ಕಬ್ಬಿನವರು, ಹಾಗಾಗಿ 1891ರ ಎರಡನೇ ಕಾದಂಬರಿಯ ತಾಲೆಸ್ ಎಂಬ ರೈತನ ಬಗ್ಗೆ ಹೇಳದೆ ಇರೋಕಾಗಲ್ಲ. ಕಾಡು ಕಡಿದು ಹೊಲ ಮಾಡುವಾಗಲೇ ಅವನ ಹೆಂಡತಿ, ದೊಡ್ಡ ಮಗಳು ಜ್ವರಕ್ಕೆ ಸತ್ತರು. ಕಬ್ಬು ಕೈಗೆ ಬಂದ ಕೂಡಲೇ ಪಾದ್ರಿಗಳ ಮಠ, ಜಮೀನು ನಮ್ಮದು ಎಂದಿತು. ಗೇಣಿ ಇಪ್ಪತ್ತು ಮೂವತ್ತು ಪೆಸೊದಿಂದ ಶುರುವಾಗಿ ಇನ್ನೂರಕ್ಕೆ ಏರಿತು. ಕೋರ್ಟಿನಲ್ಲೂ ಸೋತ. ಕೋವಿ ಹಿಡಿದು ಹೊಲ ಕಾದ, ಕೋವಿ ಹೋಯಿತು. ಮಚ್ಚು ಹಿಡಿದ, ಅದನ್ನೂ ಕಸಿದರು. ಕೊಡಲಿ ಹಿಡಿದ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಗೆಳೆಯರಿಗೆ ಇದನ್ನು ಹೇಳಿದೆ. ಊರಲ್ಲಿ ಗದ್ದೆ ಇರುವವರೊಬ್ಬರು ಮೊದಲು ಕೇಳಿದ್ದೇ, ‘ಪಹಣಿ ಯಾರ ಹೆಸರಲ್ಲಿತ್ತು?’ ರಿಸಾಲ್ ಮನೆಯವರೂ ಕಲಾಂಬಾದಲ್ಲಿ ಡೊಮಿನಿಕನ್ ಪಾದ್ರಿಗಳ ಜಮೀನಿನಲ್ಲಿ ಕಬ್ಬು ಬೆಳೆಯುತ್ತಿದ್ದವರು. ಗೇಣಿ ತಕರಾರಿನಲ್ಲಿ ಅವರನ್ನೂ ಒಕ್ಕಲೆಬ್ಬಿಸಿದರು.

ರಿಸಾಲ್‌ಗೆ ಗುಂಡಿಟ್ಟಿದ್ದು 1896ರ ಡಿಸೆಂಬರ್ 30ರಂದು, ಮನಿಲಾದಲ್ಲಿ. ಕಾಗದದ ಮೇಲಿನ ಆರೋಪ ದಂಗೆ. ತಮಾಷೆ ಅಂದರೆ ಕತ್ತಿ ಹಿಡಿಯಲು ಇದು ಸಮಯವಲ್ಲ ಅಂತ ಹೇಳಿದವರು ಅವರು. ಪುಸ್ತಕ ಶಾಲೆಗೆ ಬಂದಿದ್ದು 1956ರ ಕಾನೂನಿನಿಂದ. ಅದಕ್ಕೂ ಚರ್ಚು ಅಡ್ಡ ನಿಂತಿತ್ತು!

ಮನೆಯಲ್ಲಿ ಇಂಗ್ಲಿಷ್ ಓದುವವರಿದ್ದರೆ ಡರ್ಬಿಶೈರ್ ಅವರು ಮಾಡಿದ ‘ನೋಲಿ’ಯ 1912ರ ಅನುವಾದ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಶುರುವಿನಲ್ಲಿ ಹೆಸರುಗಳು ಜಾಸ್ತಿ, ಸುಸ್ತಾಗಬೇಡಿ. ಮೂರನೇ ಅಧ್ಯಾಯದಲ್ಲಿ ಕೋಳಿ ಸಾರು ಬಡಿಸುತ್ತಾರೆ. ಇಬಾರ್ರಾನಿಗೆ ಒಳ್ಳೊಳ್ಳೆ ತುಂಡು, ಪಾದ್ರಿ ದಾಮಾಸೊಗೆ ಕತ್ತು, ರೆಕ್ಕೆ. ಪಾದ್ರಿ ಚಮಚ ಕುಕ್ಕಿ ತಟ್ಟೆ ಆಚೆ ತಳ್ಳುತ್ತಾನೆ. ಬಾಡೂಟದ ಪಂಕ್ತಿ ಕಂಡ ಮಂಡ್ಯದವರಿಗೆ ಆ ಸಿಟ್ಟನ್ನು ನಾನು ಬಿಡಿಸಿ ಹೇಳಬೇಕಾ?