ಹೆಜ್ಜೆ ಗುರುತು ಕಲಿಯೋಕೆ ಕಬಿನಿ ಬೇಡ, ನಿಮ್ಮ ಬೀದಿಯ ನಾಯಿ ಸಾಕು

ಬೆಂಗಳೂರಿನಲ್ಲಿದ್ದೇನೆ, ಕಾಡುಪ್ರಾಣಿಗಳ ಹೆಜ್ಜೆ ಗುರುತು ಹಿಡಿಯೋದು ಕಲಿಯಬೇಕು, ಮೊದಲು ಕಬಿನಿಗೆ ಹೋಗಲಾ ಬಂಡೀಪುರಕ್ಕಾ, ಯಾವ ಆ್ಯಪ್ ಹಾಕಿಕೊಳ್ಳಲಿ ಅಂತ ಕೇಳಿದ್ದೀರಿ. ಓದಿ ನಗು ಬಂತು. 2018ರಲ್ಲಿ ನಾನೂ ಇದನ್ನೇ ಕೇಳಿಕೊಂಡು ತಿರುಗುತ್ತಿದ್ದೆ.

ಆಗ ನಾವು ಕನಕಪುರ ರಸ್ತೆ ಕಡೆ, ತುರಹಳ್ಳಿ ಕಾಡಿಗೆ ಹತ್ತಿರದ ಒಂದು ಲೇಔಟ್‌ನಲ್ಲಿ ಬಾಡಿಗೆಗಿದ್ದೆವು. ರಸ್ತೆಯ ತುದಿಗೆ ಮೂರು ಖಾಲಿ ಸೈಟು ಒಟ್ಟಿಗೆ ಬಿದ್ದಿದ್ದವು. ಲಂಟಾನ, ಬೋರೆ ಗಿಡ, ಒಂದು ಹುತ್ತ, ಯಾರೋ ಎಸೆದ ಕಮೋಡು. ಆಗಸ್ಟ್ ತಿಂಗಳು. ರಾತ್ರಿಯೆಲ್ಲ ಜಿನುಗಿದ ಮಳೆ ನಿಂತಿತ್ತು. ಬೆಳಗ್ಗೆ ವಾಕಿಂಗ್ ಹೋದಾಗ, ಪೈಪು ಹಾಕಲು ಅಗೆದು ಮುಚ್ಚಿದ್ದ ಕೆಮ್ಮಣ್ಣಿನ ಮೇಲೆ ಒಂದು ಹೆಜ್ಜೆ ಕಂಡಿತು. ಹೆಚ್ಚುಕಮ್ಮಿ ನನ್ನ ಅಂಗೈ ಅಗಲ. ನಾಲ್ಕು ಬೆರಳು, ಹಿಂದೆ ದೊಡ್ಡ ಮೆತ್ತೆ. ಉಗುರಿನ ಗುರುತು ಮಾತ್ರ ಇಲ್ಲ.

ನನಗೆ ಗೊತ್ತಿದ್ದದ್ದು ಒಂದೇ ಸೂತ್ರ. ಉಗುರು ಮೂಡಿದ್ದರೆ ನಾಯಿ, ಮೂಡದಿದ್ದರೆ ಬೆಕ್ಕಿನ ಜಾತಿ. ಮೈ ಜುಮ್ಮೆಂದಿತು. ಮೊಬೈಲ್ ತೆಗೆದು ಹತ್ತಿರದಿಂದ ಒಂದು ಫೋಟೊ ಹೊಡೆದೆ. ಆರು ನಲವತ್ತಕ್ಕೆ ಲೇಔಟ್‌ನ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದೆ. ‘ಚಿರತೆ. ಕನ್ಫರ್ಮ್.’ ಆ ‘ಕನ್ಫರ್ಮ್’ ಯಾಕೆ ಬರೆದೆನೋ ಇವತ್ತಿಗೂ ಗೊತ್ತಿಲ್ಲ.

ಎಂಟು ಗಂಟೆಗೆಲ್ಲ ಸ್ಕೂಲ್ ಬಸ್ಸಿಗೆ ಮಕ್ಕಳನ್ನು ಕಳಿಸುವವರು ಕೋಲು ಹಿಡಿದು ನಿಂತಿದ್ದರು. ಇಸ್ತ್ರಿ ಅಂಗಡಿಯಮ್ಮ ಬಾಗಿಲೇ ತೆಗೆಯಲಿಲ್ಲ. ನಾನು ಮಾತ್ರ ಒಳಗೊಳಗೇ ಖುಷಿಯಲ್ಲಿದ್ದೆ ಅಂತ ಒಪ್ಪಿಕೊಳ್ಳುತ್ತೇನೆ.

ಮಧ್ಯಾಹ್ನ ಅರಣ್ಯ ಇಲಾಖೆಯ ವಾಚರ್ ಒಬ್ಬರು ಬಂದರು. ಐವತ್ತು ದಾಟಿದ ಮನುಷ್ಯ. ನಾನು ಅವರನ್ನು ಹೆಜ್ಜೆ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದೆ. ಅವರು ಅದರ ಕಡೆ ಸರಿಯಾಗಿ ನೋಡಲೂ ಇಲ್ಲ. ‘ಒಂದೇ ಕಾಲಲ್ಲಿ ಬಂದೋಯ್ತಾ ಸಾರ್? ಮಿಕ್ಕ ಮೂರು ಕಾಲು ಎಲ್ಲಿ?’ ಅಂದರು. ಆಮೇಲೆ ಅಂಚಿನಲ್ಲೇ, ಮಣ್ಣು ತುಳಿಯದಂತೆ, ಬಗ್ಗಿಕೊಂಡು ಮುಂದೆ ನಡೆದರು. ಹದಿನೈದು ಅಡಿ ಆಚೆ ಇನ್ನೊಂದು ಹೆಜ್ಜೆ, ಅದರಾಚೆ ಮತ್ತೆರಡು. ಅವುಗಳ ಪಕ್ಕದಲ್ಲೇ ಚಪ್ಪಲಿ ಗುರುತು, ಸಾಲಾಗಿ. ‘ಚಿರತೆ ಜೊತೆ ಯಾರೋ ಕ್ರಾಕ್ಸ್ ಹಾಕ್ಕೊಂಡು ವಾಕಿಂಗ್ ಬಂದವ್ರೆ ನೋಡಿ’ ಅಂದರು. ನಗಲೂ ಇಲ್ಲ ಪುಣ್ಯಾತ್ಮ.

ಅದು ಹಿಂದಿನ ರಸ್ತೆಯ ಮನೆಯೊಂದರ ಗ್ರೇಟ್ ಡೇನ್ ನಾಯಿ.

ನಾನು ಎಲ್ಲಿ ಎಡವಿದೆ ಅನ್ನೋದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಎಡವುವ ಜಾಗ ಅದೇ. ಸಾಕಿದ ನಾಯಿಯ ಉಗುರನ್ನು ಕತ್ತರಿಸಿರುತ್ತಾರೆ. ಕಾಂಕ್ರೀಟ್ ಮೇಲೆ ಓಡಾಡುವ ನಾಯಿಗೆ ಉಗುರು ತಾನಾಗೇ ಸವೆಯುತ್ತದೆ. ಮಣ್ಣು ಸ್ವಲ್ಪ ಗಟ್ಟಿಯಿದ್ದರೆ ಉಗುರು ಮೂಡೋದೇ ಇಲ್ಲ. ಇನ್ನೊಂದು ಕಡೆ, ಬೆಕ್ಕಿನ ಜಾತಿಯ ಪ್ರಾಣಿ ಜಾರುವ ಕೆಸರಿನಲ್ಲಿ ಹಿಡಿತಕ್ಕೆ ಉಗುರು ಹೊರಗೆ ಬಿಡುತ್ತದೆ. ಹಾಗಾಗಿ ಉಗುರು ಕೊನೆಯಲ್ಲಿ ನೋಡಬೇಕಾದದ್ದು, ನಾನು ಅದನ್ನೇ ಮೊದಲು ನೋಡಿದೆ. ಮೊದಲು ನೋಡಬೇಕಾದದ್ದು ಆಕಾರ. ನಾಯಿಯ ಹೆಜ್ಜೆ ಅಗಲಕ್ಕಿಂತ ಉದ್ದ ಜಾಸ್ತಿ. ಮುಂದಿನ ಎರಡು ಬೆರಳು ಸಮ ಇರುತ್ತವೆ, ಬೆರಳು ಮತ್ತು ಮೆತ್ತೆಯ ನಡುವೆ ಗುಣಾಕಾರ ಚಿಹ್ನೆಯಂತೆ ಎರಡು ಗೆರೆ ಸಲೀಸಾಗಿ ಎಳೆಯಬಹುದು. ಬೆಕ್ಕು, ಚಿರತೆ, ಹುಲಿಯದು ದುಂಡಗೆ. ನಮ್ಮ ನಡುಬೆರಳಿನ ಹಾಗೆ ಒಂದು ಬೆರಳು ಮುಂದೆ ಚಾಚಿರುತ್ತದೆ, ಎಡಗಾಲೋ ಬಲಗಾಲೋ ಅಂತ ಅದರಿಂದಲೇ ಹೇಳಬಹುದು. ಮೆತ್ತೆ ದೊಡ್ಡದು, ಅದರ ಹಿಂದಿನ ಅಂಚಿನಲ್ಲಿ ಮೂರು ಉಬ್ಬು ಕಾಣುತ್ತವೆ. ಗುಣಾಕಾರ ಚಿಹ್ನೆ ಎಳೆಯಲು ಹೋದರೆ ಗೆರೆ ಮೆತ್ತೆಯನ್ನೇ ಕೊಯ್ಯುತ್ತದೆ.

ಇಷ್ಟೂ ಗೊತ್ತಿದ್ದರೂ ಆ ಒಂದು ಹೆಜ್ಜೆಯಲ್ಲಿ ನನಗೆ ಕಾಣುತ್ತಿರಲಿಲ್ಲ. ಮಳೆ ಹನಿಗೆ ಅಂಚು ಕರಗಿ ಹೆಜ್ಜೆ ಊದಿಕೊಂಡಿತ್ತು. ಮುಂಗಾಲಿನ ಗುರುತಿನ ಮೇಲೇ ಹಿಂಗಾಲು ಬಿದ್ದು ಎರಡೂ ಕಲಸಿಹೋಗಿದ್ದವು. ಸಾಲದ್ದಕ್ಕೆ ಪಕ್ಕದಲ್ಲಿ ಅಳತೆಗೆ ಅಂತ ನಾನು ಏನೂ ಇಟ್ಟಿರಲಿಲ್ಲ, ಫೋಟೊದಲ್ಲಿ ಅದು ಆನೆಯಷ್ಟು ಕಾಣುತ್ತಿತ್ತು. ಹದಿನೈದು ಅಡಿ ಮುಂದೆ ನಡೆದಿದ್ದರೆ ಇಷ್ಟಕ್ಕೂ ಉತ್ತರ ಅಲ್ಲೇ ಇತ್ತು, ಕ್ರಾಕ್ಸ್ ಸಮೇತ. ನಡೆಯಲಿಲ್ಲ. ಚಿರತೆ ಬೇಕಾಗಿತ್ತು ನನಗೆ, ಸಿಕ್ಕಿತು, ನಿಂತುಬಿಟ್ಟೆ.

ಸರಿ, ಮುಜುಗರವಾಯಿತು, ಮುಗಿಯಿತು ಅಂದುಕೊಂಡೆ. ‘ಕ್ಷಮಿಸಿ, ನಾಯಿ ಅಂತೆ’ ಎಂದು ಗ್ರೂಪಿಗೆ ಹಾಕಿದ ಮೆಸೇಜಿಗೆ ಎರಡು ಥಂಬ್ಸ್ ಅಪ್ ಬಂದವು. ಬೆಳಗಿನ ಫೋಟೊ ಅಷ್ಟು ಹೊತ್ತಿಗೆ ಪಕ್ಕದ ಲೇಔಟ್ ದಾಟಿ ಊರು ಸುತ್ತುತ್ತಿತ್ತು. ಇವತ್ತು ನಾಯಿ, ನಾಳೆ ನಿಜವಾದ್ದೇ ಬಂದರೆ ಅಂತ ಯಾರೋ ಕೇಳಿದರು. ಭಾನುವಾರ ಜೆಸಿಬಿ ಬಂತು. ಮೂರು ಸೈಟಿನ ಪೊದೆ, ಬೋರೆ, ಹುತ್ತ ಎಲ್ಲ ಮೂರು ಗಂಟೆಯಲ್ಲಿ ನೆಲಸಮ. ಸೈಟಿನವರು ಫೋನಿನಲ್ಲೇ ಒಪ್ಪಿಗೆ ಕೊಟ್ಟರಂತೆ. ನಾನು ಬಾಲ್ಕನಿಯಲ್ಲಿ ಕಾಫಿ ಲೋಟ ಹಿಡಿದುಕೊಂಡು ನೋಡಿದೆ. ಇಳಿದು ಹೋಗಿ ಒಂದು ಮಾತು ಆಡುವ ಮುಖ ಉಳಿದಿರಲಿಲ್ಲ.

ಮಾರನೇ ದಿನ ಬೆಳಗ್ಗೆ ಸುಮ್ನೆ ಹೋಗಿ ನಿಂತೆ. ಕೆದರಿದ ಹಸಿಮಣ್ಣಿನ ಮೇಲೆ ಸಣ್ಣ ತುಂತುರು ಬಿದ್ದು ಸ್ಲೇಟಿನ ಹಾಗಾಗಿತ್ತು. ಅದರ ತುಂಬ ಹೆಜ್ಜೆ. ಗೌಜಲ ಹಕ್ಕಿಯ ಮೂರು ಬೆರಳಿನ ಗುರುತು, ಬಾಣ ಬಾಣವಾಗಿ. ಮುಂಗುಸಿಯದು, ಐದು ಬೆರಳು, ಪ್ರತಿ ಬೆರಳಿನ ಮುಂದೂ ಉಗುರಿನ ಚುಕ್ಕೆ. ಇನ್ನೊಂದು ಏನೆಂದು ತಿಳಿಯದೆ ವಾಚರ್‌ಗೆ ಫೋಟೊ ಕಳಿಸಿದೆ, ಈ ಸಲ ಆರಿಂಚಿನ ಸ್ಕೇಲ್ ಇಟ್ಟು. ಮೊಲ ಅಂದರು. ಹಿಂದೆ ಎರಡು ಪುಟ್ಟ ಗುರುತು ಒಂದರ ಹಿಂದೊಂದು, ಮುಂದೆ ಎರಡು ಉದ್ದನೆಯವು ಜೋಡಿಯಾಗಿ. ಮೊಲ ನೆಗೆದಾಗ ಹಿಂಗಾಲು ಮುಂಗಾಲನ್ನು ದಾಟಿ ಮುಂದೆ ಬೀಳುತ್ತದೆ, ಗೊತ್ತಿಲ್ಲದವರು ಅದು ಹೋದ ದಿಕ್ಕನ್ನೇ ಉಲ್ಟಾ ಓದುತ್ತಾರೆ. ಆ ಮೊಲ ರಸ್ತೆ ಕಡೆಯಿಂದ ನೇರವಾಗಿ ಬೋರೆ ಗಿಡ ಇದ್ದ ಜಾಗಕ್ಕೆ ಬಂದಿತ್ತು. ಅಲ್ಲಿ ಎರಡು ಸುತ್ತು ಹಾಕಿತ್ತು. ಒಂದು ಕಡೆ ಕೂತಿತ್ತು, ನಾಲ್ಕೂ ಪಾದ ಒತ್ತೊತ್ತಾಗಿ ಮೂಡಿದ್ದವು, ನಾಲ್ಕು ಹಿಕ್ಕೆ ಬಿದ್ದಿದ್ದವು. ಅಷ್ಟು ದಿನ ಆ ಪೊದೆಯ ಪಕ್ಕದಲ್ಲೇ ಓಡಾಡಿದ್ದೆ, ಒಳಗೆ ಮೊಲ ಇದೆ ಅಂತ ನನಗೆ ಗೊತ್ತಿರಲಿಲ್ಲ.

ನಾನು ಕಲಿಯೋಕೆ ಶುರು ಮಾಡಿದ್ದು ಅವತ್ತು.

ಈಗ ನಿಮ್ಮ ಕಬಿನಿ ವಿಷಯ. ಬೇಡ. ಸಫಾರಿ ಜೀಪಿನಿಂದ ಇಳಿಯುವ ಹಾಗಿಲ್ಲ, ಹೆಜ್ಜೆ ನೋಡೋಕೆ ಮಂಡಿ ಊರಬೇಕು. ಬನ್ನೇರುಘಟ್ಟ ಹತ್ತಿರ ಇದೆಯಲ್ಲ ಅಂತ ನುಗ್ಗಲೂಬೇಡಿ. ಅನುಮತಿ ಇಲ್ಲದೆ ಒಳಗೆ ಕಾಲಿಟ್ಟರೆ ಕೇಸು, ಜೊತೆಗೆ ಅಲ್ಲಿ ಆನೆಗಳಿವೆ. ಮುಳ್ಳುಹಂದಿ ಮುಳ್ಳು ಸಿಕ್ಕಿತು ಅಂತ ಜೇಬಿಗೆ ಹಾಕಿಕೊಳ್ಳುವುದೂ ತಪ್ಪೇ.

ನಿಮ್ಮ ಬೀದಿಯ ಕಾಂಕ್ರೀಟ್ ನೋಡಿ. ಹಸಿ ಸಿಮೆಂಟಿನ ಮೇಲೆ ನಾಯಿ ನಡೆಯದ ರಸ್ತೆ ಬೆಂಗಳೂರಿನಲ್ಲಿ ಒಂದಾದರೂ ಇದೆಯಾ? ಮಳೆಗೂ ಅಳಿಯದ ಪಾಠ ಅದು, ಅದನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ. ಫೋಟೊ ಅಲ್ಲ, ಚಿತ್ರ. ಬರೆಯುವಾಗಲೇ ಮೆತ್ತೆಗೆ ಎಷ್ಟು ಉಬ್ಬು ಅಂತ ಎಣಿಸುತ್ತೀರಿ. ಮನೆ ಕಟ್ಟುವ ಕಡೆ ಎಂ ಸ್ಯಾಂಡ್ ರಾಶಿ ಇರುತ್ತದೆ, ಬೆಳಗ್ಗೆ ಬೇಗ ಹೋದರೆ ಬೆಕ್ಕು, ಹೆಗ್ಗಣ, ಮೈನಾ ಮೂರೂ ಸಿಗುತ್ತವೆ. ಬಿಸಿಲು ಓರೆಯಾಗಿ ಬೀಳುವ ಹೊತ್ತೇ ಆಗಬೇಕು. ನೆತ್ತಿ ಮೇಲೆ ಬಂದ ಮೇಲೆ ನೆರಳಿಲ್ಲ, ನೆರಳಿಲ್ಲದೆ ಹೆಜ್ಜೆ ಕಾಣುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿದ ಕೆರೆಯಂಚು ಇನ್ನೂ ಒಳ್ಳೆಯದು. ಹಳೇ ಬಡಾವಣೆಯಲ್ಲಿದ್ದರೆ ಕಾಂಪೌಂಡ್ ಗೋಡೆ ಮೇಲೆ ಬೀಜ ತುಂಬಿದ ಹಿಕ್ಕೆ ಕಾಣಬಹುದು, ಅದು ಪುನುಗು ಬೆಕ್ಕಿನದಿರಬಹುದು. ಕಡ್ಡಿಯಿಂದ ಬಿಡಿಸಿ ನೋಡಿ. ಬರಿಗೈಲಿ ಬೇಡ, ಮೂಸಿ ನೋಡುವುದಂತೂ ಬೇಡ.

ಆ್ಯಪ್ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅದಕ್ಕೂ ನೀವು ಕೊಡೋದು ಒಂದೇ ಹೆಜ್ಜೆಯ ಫೋಟೊ, ಅಲ್ವಾ? ಅಲ್ಲಿಗೆ ನನ್ನ ಕಥೆಯೇ ಆಯಿತು. ಇದು ಬರೀ ನಮ್ಮಂಥವರ ತಪ್ಪೂ ಅಲ್ಲ. 1966ರಲ್ಲಿ ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧುರಿ ಶುರು ಮಾಡಿದ ಪದ್ಧತಿಯಲ್ಲಿ, ಹೆಜ್ಜೆ ಮೇಲೆ ಗಾಜಿಟ್ಟು ಗೆರೆ ಎಳೆದು ಇದು ಈ ಹುಲಿ, ಅದು ಆ ಹುಲಿ ಅಂತ ದೇಶವೇ ದಶಕಗಟ್ಟಲೆ ಲೆಕ್ಕ ಹಾಕಿತು. ನಾಗರಹೊಳೆಯಲ್ಲಿ ಕ್ಯಾಮೆರಾ ಕಟ್ಟಿ ಹುಲಿಯ ಪಟ್ಟೆ ನೋಡಿ ಎಣಿಸಿದ ಉಲ್ಲಾಸ ಕಾರಂತರು ಇದನ್ನು ನಂಬಬೇಡಿ ಅಂತ ಹೇಳುತ್ತಲೇ ಇದ್ದರು. 2005ರ ಹೊತ್ತಿಗೆ ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿ ಕಾಗದದ ಮೇಲಷ್ಟೇ ಉಳಿದಿದ್ದು ಬಯಲಾಯಿತು. ಆಮೇಲೆ ಪದ್ಧತಿ ಬದಲಾಯಿತು, 2008ರಲ್ಲಿ ಬಂದ ದೇಶದ ಹುಲಿಗಳ ಹೊಸ ಲೆಕ್ಕ 1,411, ಹಳೆಯದಕ್ಕಿಂತ ಎಷ್ಟೋ ಕಡಿಮೆ.

ಚಿರತೆ ಹೆಜ್ಜೆ ನನಗೆ ಕಂಡಿದ್ದು 2021ರಲ್ಲಿ, ಬನ್ನೇರುಘಟ್ಟ ಕಡೆಯ ಹಳ್ಳಿಯಲ್ಲಿ, ಗೆಳೆಯನ ರಾಗಿ ಹೊಲದ ಬದುವಿನ ಪಕ್ಕ. ಆ ಗ್ರೇಟ್ ಡೇನ್‌ದಕ್ಕಿಂತ ಚಿಕ್ಕದು. ದುಂಡಗೆ, ನೀಟಾಗಿ, ಒಂದೇ ಸಾಲಿನಲ್ಲಿ. ನಾನು ಫೋಟೊ ತೆಗೆಯುವ ಮೊದಲು ನಲವತ್ತು ಹೆಜ್ಜೆ ಹಿಂಬಾಲಿಸಿದೆ. ಗೆಳೆಯ ಬದುವಿನ ಮೇಲೆ ನಿಂತು, ಬಾರೋ ತಿಂಡಿ ಆರುತ್ತೆ ಅಂತ ಕೂಗುತ್ತಿದ್ದ.

ಈ ವಾರ ಮಳೆ ಇದೆ. ಬೆಳಗ್ಗೆ ಆರೂವರೆಗೆ, ಕಸದ ಆಟೊ ಬಂದು ಎಲ್ಲ ತುಳಿಯುವ ಮೊದಲು ಹೊರಗೆ ಹೋಗಿ. ಜಾಮೆಟ್ರಿ ಬಾಕ್ಸಿನ ಸ್ಕೇಲ್ ಒಂದು ಜೇಬಿನಲ್ಲಿರಲಿ. ಮೇಲಿಂದ ನೇರವಾಗಿ ಒಂದು ಫೋಟೊ, ಪೂರ್ತಿ ಸಾಲು ಕಾಣುವ ಹಾಗೆ ಇನ್ನೊಂದು. ಏನು ಸಿಕ್ಕಿತು ಅಂತ ಇಲ್ಲೇ ಕೆಳಗೆ ಹಾಕಿ, ನೋಡೋಣ. ಲೇಔಟ್ ಗ್ರೂಪಿಗೆ ಮಾತ್ರ ಬೇಡ.